ಅತ್ತೆ ತೊಳೆದ ಇಂಜಿನ್

ರೀ, ಇಂಜಿನ್ ನೋಡಿ ಕೂಗಾಡೋಕೆ ಮುಂಚೆ ಇದನ್ನ ಓದ್ಕಳಿ.

ನೀವು ತಿಂಗಳುಗಟ್ಲೆ ಕೂತು ಆ ಪುಟಾಣಿ ಹಿತ್ತಾಳೆ ರೈಲಿಂಜಿನ್‌ಗೆ ತುಕ್ಕು, ಮಸಿ, ಎಣ್ಣೆ ಜಿಡ್ಡು ಅಂತ ಬಣ್ಣ ಬಳಿದಿದ್ರಲ್ಲ, ಅದನ್ನ ಅತ್ತೆ ಇವತ್ತು ಹುಣಸೆಹಣ್ಣು ಹಾಕಿ, ತೆಂಗಿನ ನಾರಲ್ಲಿ ತಿಕ್ಕಿ ಫಳಫಳ ಅನ್ನಿಸವ್ರೆ. ಕಣ್ಣಿನ ಆಪರೇಷನ್ ಆದಾಗಿಂದ ಅವರಿಗೆ ಮನೆ ಕೊಳೆಯೆಲ್ಲ ಕಾಣ್ತೈತೆ. ನಾನು ಡೈರಿಗೆ ಹಾಲು ಹಾಕಿ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. "ಪಾಪ, ನನ್ ಮಗಂಗೆ ಇದನ್ನ ತೊಳೆಯಾಕೂ ಪುರುಸೊತ್ತಿಲ್ಲ ಕಣವ್ವ" ಅಂದ್ರು.

ಭಾನುವಾರ ಬೆಂಗಳೂರಲ್ಲಿ ಇಂಥ ಪುಟಾಣಿ ರೈಲುಗಳ ಪ್ರದರ್ಶನ ಐತೆ ಅಂತ ಗೊತ್ತು. ಆದ್ರೆ ಹೊಸದನ್ನ ಹಳೇದು ಮಾಡೋದೇ ಕಲೆ ಅಂತ ಅವರಿಗೆ ಹೆಂಗೆ ಹೇಳ್ಲಿ? ನನಗೇ ಇನ್ನೂ ಅರ್ಥ ಆಗಿಲ್ಲ. ತುಕ್ಕೇ ಬೇಕಿದ್ರೆ ನಮ್ಮ ಗೇಟಲ್ಲಿ ಬೇಕಾದಷ್ಟೈತೆ, ಒಸಿ ಅತ್ಲಾಗೂ ನೋಡಿ.

ನಾನು ಕೈಲಾಂಚಕ್ಕೆ ಅಕ್ಕನ ಮನೆಗೆ ಹೊಂಟೆ, ಸಂಜೆ ಬತ್ತೀನಿ. ಸಾರು ಬಿಸಿ ಮಾಡ್ಕಳಿ.

ನೀವು ಏನಂತೀರೋ ಅಂತ ಅತ್ತೆ ಹಿತ್ತಲಲ್ಲಿ ಕೂತು ಕಾಯ್ತಾ ಅವ್ರೆ. "ಚೆನ್ನಾಗೈತೆ ಕಣವ್ವ" ಅಂತ ಒಂದು ಮಾತು ಅಂದ್ಬುಡಿ. ಅನ್ನೋಕೆ ಮುಂಚೆ ಮಾತ್ರ ಮಿಕ್ಕ ಬೋಗಿಗಳನ್ನೆಲ್ಲ ಬೀರುವಿಗಿಟ್ಟು ಬೀಗ ಹಾಕಿ. ಮಗ ಮೆಚ್ಚಿದ್ರೆ ಅವನ್ನೂ ತೊಳೀತಾರಂತೆ.

ವರಲಕ್ಷ್ಮಿ