ಬೆಲ್ಟು ಬಿಚ್ಚಿ ನೋಡಿದ ಮೋಟಾರು

ಪ್ರೀತಿಯ ಮಾವನವರಿಗೆ,

ಕ್ಷೇಮವೇ ಅಂತ ಕೇಳೋಣವೆಂದರೆ ಹೋದ ಮಾಗಿಯಿಂದ ಆ ಪ್ರಶ್ನೆಗೆ ಅರ್ಥವಿಲ್ಲ. ನಾನಂತೂ ದಣಿದಿದ್ದೇನೆ. ಯಶವಂತಪುರದ ಎಣ್ಣೆ ಗಿರಣಿಯಲ್ಲಿ ಅದೇ ಮೇಲ್ವಿಚಾರಕ. ಎಣ್ಣೆ ಸಾಹುಕಾರರಿಗೆ, ಹಿಂಡಿ ನನಗೆ.

ನಮ್ಮ ಗಿರಣಿಯ ದೊಡ್ಡ ಮೋಟಾರಿಗೆ ನೀವು ಹೊಸ ತಂತಿ ಸುತ್ತಿ ತಂದ ದಿನ ನೆನಪಿದೆಯಾ? ಶೆಟ್ಟಿಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮೆತ್ತೆ ಹಾಸಿ, ಬಾಣಂತಿಯನ್ನು ಕರೆತರುವ ಹಾಗೆ ತಂದಿರಿ. ವಾರ ಕಳೆಯುವುದರೊಳಗೆ ಅದಕ್ಕೆ ಏದುಸಿರು. ಕಡಲೆಕಾಯಿ ಬೀಜ ಸುರಿದರೆ ಸಾಕು, ಸೋತು ಹೋಗುತ್ತಿತ್ತು. ನೀವು ಬಂದು, ಬಿದಿರುಕೋಲಿನ ಒಂದು ತುದಿ ಮೋಟಾರಿಗೂ ಇನ್ನೊಂದು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ನಿಂತಿರಿ.

"ನನ್ನ ಸುತ್ತು ಸರಿಯಾಗೈತೆ ಅಳಿಯಂದ್ರೇ. ಒಳಗೆ ತಿರುಗೋ ರೋಟರ್‌ನಾಗೆ ಸರಳು ಮುರಿದೈತೆ. ಗುಂಯ್ ಅನ್ನೋದು ಏರ್ತದೆ, ಇಳೀತದೆ, ಕೇಳಿ."

ಕೇಳಿದೆ. ನನಗೆ ಬರೀ ಗುಂಯ್. ಕನ್ನಡದಲ್ಲಿ ಬಿ.ಎ. ಮಾಡಿದ ಕಿವಿಗೆ ಪ್ರಾಸ ತಪ್ಪಿದರೆ ಮಾತ್ರ ಗೊತ್ತಾಗುತ್ತಿತ್ತು.

ಆಗ ಸಾಹುಕಾರರು ಬಾಗಿಲಲ್ಲಿ ನಿಂತು ನಕ್ಕರಲ್ಲ, "ಏನ್ರೀ, ಮಾವನ ಕೆಲಸ ಅಳಿಯ ಪರೀಕ್ಷೆ ಮಾಡ್ತಿರೋದಾ? ಪಾಸು ಅಂತ ಈಗ್ಲೇ ಬರ್ಕೊಂಡ್ಬಿಡಿ!" ಆ ಮಾತು ಚುಚ್ಚಿತು. ಬೇಗ ಮುಗಿಸಿಬಿಡೋಣ ಅಂತ ಬೆಲ್ಟು ಬಿಚ್ಚಿಸಿ, ಮೋಟಾರನ್ನು ಖಾಲಿ ಓಡಿಸಿ, ಕರೆಂಟು ಅಳೆಯುವ ಆಮೀಟರ್ ನೋಡಿದೆ. ಮುಳ್ಳು ನೆಟ್ಟಗೆ ನಿಂತಿತ್ತು, ಸರಳು ಸರಿಯಿದೆ ಅಂದುಬಿಟ್ಟೆ.

"ಇಂಗೆ ಖಾಲಿ ಓಡ್ಸಿದ್ರೆ ಏನ್ ಗೊತ್ತಾಯ್ತದೆ? ಬೆಲ್ಟ್ ಆಕಿ, ಬೀಜ ಸುರೀರಿ. ಆಮೇಲೆ ನೋಡಿ ಮುಳ್ಳು ಉಯ್ಯಾಲೆ ಆಡೋದ್ನ" ಅಂದಿರಿ ನೀವು.

ಹಾಕಿಸಬಹುದಿತ್ತು. ಎಷ್ಟು ಹೊತ್ತಿನ ಕೆಲಸ ಅದು? ಮಾವನ ಪರ ವಹಿಸಿದ ಅನ್ನಿಸಿಕೊಳ್ಳಬಾರದು ಅಂತ... ರಿಜಿಸ್ಟರಿನಲ್ಲಿ "ಸುತ್ತಿದವರ ದೋಷ" ಎಂದು ಬರೆದು ಸಹಿ ಹಾಕಿದೆ. ನೀವು ಬಗ್ಗಿ ನೋಡಿ, "ಅಕ್ಷರ ದುಂಡಗೈತೆ" ಅಂದಿರಿ. ಅಷ್ಟೇ. ಆಮೇಲೆ ಯಶವಂತಪುರದ ಯಾವ ಗಿರಣಿಯೂ ನಿಮ್ಮನ್ನು ಕರೆಯಲಿಲ್ಲ. ಮೋಟಾರು ಶೆಡ್ಡಿನ ಮೂಲೆ ಸೇರಿತು. ಹಬ್ಬಕ್ಕೆ ನಾವು ಬಂದಾಗಲೆಲ್ಲ ನೀವೇ ನನ್ನ ಎಲೆಗೆ ತುಪ್ಪ ಬಡಿಸಿದಿರಿ. ಒಂದು ಸಲವಾದರೂ ಬೈದಿದ್ದರೆ ಏನಾಗುತ್ತಿತ್ತು, ಮಾವ?

ಕಳೆದ ವಾರ, ಅದರ ಜಾಗಕ್ಕೆ ತಂದಿದ್ದ ಹೊಸ ಮೋಟಾರು ಕೈಕೊಟ್ಟಿತು. ಬೇರೆ ದಾರಿ ಕಾಣದೆ ನಿಮ್ಮದನ್ನು ಹೊರಗೆಳೆದೆವು. ಈ ಸಲ ಬೆಲ್ಟು ಹಾಕಿಸಿದೆ, ಬೀಜ ಸುರಿಸಿದೆ. ಮುಳ್ಳು ನಿಧಾನಕ್ಕೆ ಆಚೆ ಈಚೆ, ಆಚೆ ಈಚೆ. ರೋಟರನ್ನು ಹೊರತೆಗೆದು, ಕರೆಂಟು ಹಾಯಿಸಿ, ಕಬ್ಬಿಣದ ಪುಡಿ ಉದುರಿಸಿದೆವು. ರಂಗೋಲಿ ಎಳೆ ಎಳೆದ ಹಾಗೆ ಪ್ರತಿ ಸರಳಿನ ಮೇಲೂ ಪುಡಿ ಸಾಲಾಗಿ ನಿಂತಿತು. ಎರಡರ ಮೇಲೆ ಮಾತ್ರ ನಿಲ್ಲಲಿಲ್ಲ.

ಹಳೇ ರಿಜಿಸ್ಟರು ಹುಡುಕಿ, ಆ ಸಾಲಿನ ಕೆಳಗೇ ಬರೆದೆ: "ಸುತ್ತು ಸರಿ, ಮುರಿದದ್ದು ಸರಳು. ತಪ್ಪಿದ್ದು ಬರೆದವನ ಬೆರಳು." ಸಾಹುಕಾರರಿಗೆ ಓದಿ ಹೇಳಿದೆ. "ಅವ್ರೇ ಇಲ್ವಲ್ರೀ, ಈಗ್ಯಾಕೆ?" ಅಂದರು. ಅವರು ಸಹಿ ಹಾಕುವ ತನಕ ನಾನು ಎದುರಿಂದ ಕದಲಲಿಲ್ಲ. ಹಾಕಿದರು.

ಮನೆಗೆ ಬಂದು ನಿಮ್ಮ ಮಗಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. "ನಂಗೆ ಯಾಕೆ ಹೇಳ್ತೀರಿ? ನಂಗೆ ಅವತ್ತೇ ಗೊತ್ತಿತ್ತು. ಅಪ್ಪಂಗೆ ಹೇಳಿ" ಅಂದಳು. ಒಳಗೆ ಹೋಗಿ ಬಿದಿರುಕೋಲು ತಂದು ನನ್ನ ಮುಂದೆ ಇಟ್ಟಳು.

ಅದಕ್ಕೇ ಈ ಕಾಗದ. ಎರಡು ಸರಳು ಹೊಸದು ಹಾಕಿಸಿದ್ದೇನೆ. ತಂತಿಯ ಒಂದು ಎಳೆಯನ್ನೂ ಮುಟ್ಟಿಲ್ಲ. ಇವತ್ತು ಬೆಳಗ್ಗೆ ಮೋಟಾರು ತುಂಬು ಹೊರೆ ಎಳೆಯುವಾಗ ನಿಮ್ಮ ಕೋಲು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳಿದೆ. ಗುಂಯ್ ಏರಲಿಲ್ಲ, ಇಳಿಯಲಿಲ್ಲ.

ಗಿರಣಿ ನಿಮ್ಮ ಸುತ್ತಿನ ಮೇಲೆ ಓಡುತ್ತಿದೆ, ಮಾವ.

ನಿಮ್ಮ ಅಳಿಯ