ದೋಣಿ ಅಲ್ಲೇ ಇರಲಿ

19 ಮೇ 2003, ಮೂಡಿಗೆರೆ

ಅಂಗಡಿ ಮುಚ್ಚಿ ಬಂದು ಕಂಪ್ಯೂಟರ್ ಹಾಕಿದೆ. ಹಿಂದೆಯೇ ರಾಜೇಶ. ಶಾಲೆಯಿಂದಲೂ ಜೊತೆಗಿದ್ದಾನೆ, ಇವತ್ತಿಗೂ ಕಾರ್ ರೇಸ್ ಬಿಟ್ಟು ಬೇರೆ ಬೇಡ. ಮಂಗಳೂರಿನಿಂದ ದೋಣಿ ಗೇಮಿನ ಸಿ.ಡಿ. ತಂದು ಎರಡು ವರ್ಷವಾಯಿತು. ಒಂದೇ ಕೀಬೋರ್ಡ್, ಒಂದೇ ದೋಣಿ. ಎಡಗಡೆ ಹುಟ್ಟು ಹಾಕುವವರು ಒಬ್ಬರು, ಬಲಗಡೆ ಇನ್ನೊಬ್ಬರು. ಜೊತೆಯಾಗಿ ಒತ್ತದಿದ್ದರೆ ದೋಣಿ ನಿಂತಲ್ಲೇ ಗಿರಕಿ. ಒಬ್ಬನೇ ಆಡಿ ನೋಡಿದ್ದೇನೆ — ಬೆರಳು ಗಂಟು ಬೀಳುತ್ತದೆ. ಎಂಥ ಚೆಂದದ ನದಿ, ದಡದಲ್ಲಿ ಎಂಥ ಹಕ್ಕಿಗಳು... ಯಾರಿಗೆ ಬೇಕು? ಈ ಊರಲ್ಲಿ ಗೇಮ್ ಎಂದರೆ ಗುಂಡು ಹೊಡೆಯಬೇಕು, ಇಲ್ಲ ಕಾರು ಗುದ್ದಬೇಕು. ರಾಜೇಶ ಐದು ನಿಮಿಷ ಕೂತ. "ಇದೆಂತ ಗೇಮ್ ಮಾರಾಯ, ತೋಟದ ಕೆಲಸ ಮಾಡ್ದಂಗೆ."

ಭಾನುವಾರ ನನ್ನ ಮದುವೆ. ಬಾಳೂರಿನ ಹುಡುಗಿ, ರೂಪಶ್ರೀ. ಅವಳಿಗೂ ಕಾರ್ ರೇಸೇ ಇಷ್ಟವಿದ್ದರೆ ಮುಗಿಯಿತು.

9 ಜೂನ್

ಮದುವೆಯಾಗಿ ಎರಡು ವಾರ. ರೂಪಶ್ರೀ ನನ್ನೊಡನೆ ಆಡಿದ ಮಾತನ್ನೆಲ್ಲ ಬರೆದರೆ ಒಂದು ಇನ್‌ಲ್ಯಾಂಡ್ ಲೆಟರ್ ತುಂಬುವುದಿಲ್ಲ. ಹೂಂ. ಬೇಡ. ಆಯ್ತು. ಅಡುಗೆಮನೆಯಲ್ಲಿ ಅಮ್ಮನ ಜೊತೆ ನಗು ಕೇಳಿಸುತ್ತದೆ. ನಾನು ಹೋದರೆ ಬಂದ್. ಇಷ್ಟವಿಲ್ಲದೆ ಮದುವೆಯಾದಳೋ ಏನೋ. ಕೇಳಲು ಧೈರ್ಯವಿಲ್ಲ. ಇವತ್ತು ರೇಗಿಹೋಗಿ, ದೋಣಿ ಗೇಮ್ ಹಾಕಿ, ಬಂದು ಕೂತ್ಕೋ ಎಂದೆ. ಕೂತಳು. ಮಾತಿಲ್ಲ. ಆದರೆ ಕೀ ಒತ್ತಿದಳು. ದೋಣಿ ನೆಟ್ಟಗೆ ಹೋಯಿತು.

21 ಜೂನ್

ದಿನಾ ಸಂಜೆ ಆಡುತ್ತೇವೆ. ನಾನು ಕಂಡೇ ಇರದ ಜಾಗಕ್ಕೆ ಬಂದಿದ್ದೇವೆ. ನಿನ್ನೆ ನದಿ ಕವಲೊಡೆಯುವಲ್ಲಿ ನಾನು ಬಲಕ್ಕೆ, ಅವಳು ಎಡಕ್ಕೆ. ದೋಣಿ ಬಂಡೆಗೆ. ಅವಳು ನಕ್ಕಳು — ನನ್ನೆದುರು, ಮೊದಲ ಸಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಆಗಲೇ ಹೋಗಬೇಕಿತ್ತೇ?

26 ಜೂನ್

ಸೋಮವಾರದಿಂದ ಆಷಾಢ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಸೊಸೆ ತವರಿಗೆ ಹೋಗಬೇಕು. ಶುಕ್ರವಾರ ಕಳಿಸಬಾರದಂತೆ, ಶನಿವಾರ ಆಗದಂತೆ, ಭಾನುವಾರ ಅಮಾವಾಸ್ಯೆಯಂತೆ. ಹಾಗಾಗಿ ಇವತ್ತೇ! ಅತ್ತೆ ಸೊಸೆ ಜಗಳವಾಡದಿರಲಿ ಎಂದು ಮಾಡಿದ ಶಾಸ್ತ್ರವಂತೆ. ಅವರಿಬ್ಬರು ಅಂಟಿಕೊಂಡೇ ಇದ್ದಾರೆ. ಶಿಕ್ಷೆ ನನಗೆ. ಭೀಮನ ಅಮಾವಾಸ್ಯೆಯ ತನಕ ನಾನೂ ಬಾಳೂರಿಗೆ ಕಾಲಿಡುವಂತಿಲ್ಲ. ಜೀಪ್ ಹತ್ತುವಾಗ ಏನೋ ಹೇಳಲು ಬಾಯಿ ತೆರೆದಳು. ಮಾವ ಹಾರನ್ ಹೊಡೆದರು.

13 ಜುಲೈ

ಮಳೆ ಹಿಡಿದ ಮೇಲೆ ಬಾಳೂರಿನ ಫೋನ್ ಡೆಡ್. ಆಡಲು ಕ್ರಿಕೆಟ್ ಇಲ್ಲದೆ ರಾಜೇಶ ಬಂದ, ವಿಧಿಯಿಲ್ಲದೆ ದೋಣಿಗೆ ಕೂತ. ಕವಲು ದಾಟಿದೆವು — ಬಲಕ್ಕೆ. ಒಂದು ಸುರಂಗ, ಆಚೆಗೆ ದೊಡ್ಡ ಕೆರೆ... "ಸೂಪರ್ ಗೇಮ್ ಮಾರಾಯ. ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಯಾಕೆ ಹೇಳಲಿಲ್ಲವಂತೆ! ಕತ್ತು ಹಿಸುಕಬೇಕೆನಿಸಿತು. ಖುಷಿಯೂ ಆಯಿತು.

17 ಜುಲೈ

ಅಂಗಡಿಗೆ ಫೋನ್. ರೂಪಶ್ರೀ! ಕೊಟ್ಟಿಗೆಹಾರದ ಎಸ್.ಟಿ.ಡಿ. ಬೂತಿನಿಂದ. ಅವಳ ಅಪ್ಪ ಗೊಬ್ಬರದ ಅಂಗಡಿಯಲ್ಲಿದ್ದಾಗ ಬೂತಿಗೆ ಬಂದಿದ್ದಾಳೆ. ಊಟ ಆಯ್ತಾ ಇಲ್ಲ, ಹೇಗಿದ್ದೀರಿ ಇಲ್ಲ.

"ಆ ಕವಲಲ್ಲಿ ಎಡಕ್ಕೇ ಹೋಗ್ಬೇಕು. ಮಲ್ಗಿದ್ರೂ ಅದೇ ಯೋಚ್ನೆ ನಂಗೆ. ನಾನು ಬರೋ ತಂಕ ದೋಣಿ ಅಲ್ಲೇ ಇರ್ಲಿ, ಆಯ್ತಾ?"

ಜೀಪ್ ಹತ್ತುವಾಗ ಹೇಳಲು ಬಂದದ್ದೂ ಇದೇ ಅಂತೆ. ನಾನು ಹೂಂ ಎಂದೆ.

ದೋಣಿ ಎಲ್ಲಿದೆ? ಕೆರೆಯ ಆಚೆ ದಡದಲ್ಲಿ, ರಾಜೇಶನ ಜೊತೆ. ಈ ದರಿದ್ರ ಗೇಮಿನಲ್ಲಿ ಸೇವ್ ಆಗುವುದು ಒಂದೇ. ಹೊಸದು ಹಳೆಯದನ್ನು ನುಂಗಿಬಿಡುತ್ತದೆ.

20 ಜುಲೈ

ಆ ಸೇವ್ ಅಳಿಸಿದೆ, ದೋಣಿ ಮತ್ತೆ ಹೊರಟ ಜಾಗಕ್ಕೆ. ರಾಜೇಶನೆದುರೇ. ಇನ್ನೊಂದು ಹಂತ ದಾಟಿದ್ದರೆ ಆಟವೇ ಮುಗಿಯುತ್ತಿತ್ತು. ನಿನಗೆ ತಲೆ ಕೆಟ್ಟಿದೆ ಎಂದು ಕೊಡೆ ಎತ್ತಿಕೊಂಡು ನಡೆದ. ಎರಡು ವರ್ಷ ಕಾದು ಸಿಕ್ಕಿದ್ದ ಒಬ್ಬ ಜೊತೆಗಾರ.

22 ಜುಲೈ

ಅಮ್ಮನನ್ನು ಕೂರಿಸಿಕೊಂಡು ಕವಲಿನವರೆಗಾದರೂ ತಂದು ನಿಲ್ಲಿಸೋಣವೆಂದು ನೋಡಿದೆ. ಬಂಡೆ ಕಂಡರೆ ಸಾಕು, ಕೀ ಬಿಟ್ಟು ದೇವರಿಗೆ ಕೈ ಮುಗಿಯುತ್ತಾಳೆ. ಬಿಟ್ಟುಬಿಟ್ಟೆ. ರೂಪಶ್ರೀಗೆ ಏನೆಂದು ಹೇಳಲಿ? ಈಗಷ್ಟೇ ಮಾತಾಡಿದ್ದಾಳೆ, ಮತ್ತೆ ಹೂಂ, ಬೇಡ, ಆಯ್ತು ಶುರುವಾದರೆ...

30 ಜುಲೈ, ಸಂಜೆ

ನಿನ್ನೆ ಭೀಮನ ಅಮಾವಾಸ್ಯೆಗೆ ಹೋಗಿ ಇವತ್ತು ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಹೇಳಲಾಗಲಿಲ್ಲ. ಬಂದವಳೇ ಕಂಪ್ಯೂಟರ್ ಹಾಕಿದಳು. ದೋಣಿ ಹೊರಟ ಕಡೆಯಲ್ಲೇ ಕಟ್ಟಿಹಾಕಿದಂತೆ ನಿಂತಿದೆ. ಎಲ್ಲ ಹೇಳಿದೆ — ರಾಜೇಶ, ಸುರಂಗ, ಕೆರೆ, ಅಳಿಸಿದ್ದು. ಸಿಟ್ಟು ಬಂದಿತ್ತು, ಕಾಣುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತು ಕೀಬೋರ್ಡ್ ತನ್ನ ಕಡೆ ಸರಿಸಿಕೊಂಡಳು.

"ಮೊದ್ಲಿಂದ್ಲೇ ಆಗ್ಲಿ ಬಿಡಿ. ಆವಾಗ ನಿಮ್ಮ ಹತ್ರ ಮಾತಾಡಕ್ಕೆ ನಂಗೆ ಹೆದ್ರಿಕೆ ಆಗಿತ್ತು. ಅದ್ಕೇ ಬರೀ ಕೀ ಒತ್ತಿದ್ದು."

ಈಗ ಮಾತು ನಿಲ್ಲುತ್ತಿಲ್ಲ. ಮೆಲ್ಲಗೆ ಒತ್ತಬೇಕಂತೆ, ಅವಸರ ಜಾಸ್ತಿಯಂತೆ, ನನಗೆ ಆಡಲು ಬರುವುದೇ ಇಲ್ಲವಂತೆ! ನನ್ನ ಗೇಮ್, ನನಗೇ ಪಾಠ. ಕಾಫಿ ತರಲು ಎದ್ದಿದ್ದಾಳೆಂದು ಇಷ್ಟು ಬರೆದೆ. ಬಂದಳು. ಬರೆದದ್ದು ಸಾಕಂತೆ, ಕರೆಂಟ್ ಹೋಗುವುದರೊಳಗೆ ಕವಲಿನ ತನಕ —