ಸರ್ವಿಸ್ ಕಾರ್ಡಿನ ಖಾಲಿ ಮನೆಗಳು

ಕೋಟೆವಾಡ
ಬಿಸಿಲುಮಾಸದ ೩೪ನೆಯ ದಿನ, ೨೨೧೪

ನಮ್ಮ ಗಾಡಿಯ ಮೊದಲ ಯಜಮಾನರಾದ ಪರಸಪ್ಪ ಮುತ್ಯಾನವರಿಗೆ ಆರನೆಯ ತಲೆಮಾರಿನ ಇಂದುಧರನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಗುತ್ತ ಹೋಗಿ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮವರು ಹದಿಮೂರನೆಯದೊಂದನ್ನು ಸೇರಿಸಿಕೊಂಡರು; ಅದೇ ಬಿಸಿಲುಮಾಸ. ನನ್ನ ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಒಂದು ಮನೆತನಕ್ಕೆ ಒಂದೇ ಕಾಗದ. ಊರಿನವರೆಲ್ಲ ತಮ್ಮ ಹಿರಿಯರಿಗೆ ಕೆರೆಗಳ ಬಗ್ಗೆ, ಮರಗಳ ಬಗ್ಗೆ ಬರೆದರು. ನಾನು ಮೋಟಾರ್ ಸೈಕಲ್ ಬಗ್ಗೆ ಬರೆಯುತ್ತೇನೆಂದಾಗ ನಕ್ಕರು. ನಗಲಿ.

ನಮ್ಮೂರಿನ ಸುತ್ತ ಎಂಬತ್ತು ಮೈಲಿ ಉರಿಬಯಲು. ನೆರಳಿಲ್ಲ, ನೀರಿಲ್ಲ. ನಡೆದು ಹೊರಟ ಇಬ್ಬರು ಮರಳಿ ಬರಲಿಲ್ಲ. ಬ್ಯಾಟರಿ ಗಾಡಿಗಳು ಆ ಕಾವಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತುಬಿಡುತ್ತವೆ. ದಾಟುತ್ತಿದ್ದುದು ನಿಮ್ಮ ಗಾಡಿಯೊಂದೇ. ಪೆಟ್ರೋಲಿನ ಬದಲು ಜೋಳದ ಸಾರಾಯಿ ಕುಡಿಯುತ್ತಿತ್ತು; ಊರಿನ ಗಂಡಸರಿಗೆ ಸಿಗದಿದ್ದರೂ ಅದಕ್ಕೆ ಮಾತ್ರ ತಪ್ಪುತ್ತಿರಲಿಲ್ಲ. ಔಷಧಿ, ಬಿತ್ತನೆ ಬೀಜ, ಮದುಮಗಳು, ಎಲ್ಲ ಬಂದದ್ದು ಅದರ ಹಿಂದಿನ ಸೀಟಿನಲ್ಲೇ. ನಾನು ಅದರ ಪೂಜಾರಿ. ನಿಮ್ಮ ಕಾಲದ ಮೆಕ್ಯಾನಿಕ್ ನಮ್ಮಲ್ಲಿ ಪೂಜಾರಿಯಾಗಿದ್ದಾನೆ.

ಅದಕ್ಕೆ ಕಾರಣ ನೀವೇ, ಬೇಸರಿಸಬೇಡಿ. ಟೂಲ್‌ಬಾಕ್ಸಿನಲ್ಲಿ ನಿಮ್ಮ ಸರ್ವಿಸ್ ಕಾರ್ಡು ಇನ್ನೂ ಇದೆ. ಮೊದಲ ನಾಲ್ಕು ಮನೆಗಳಲ್ಲಿ ಗ್ಯಾರೇಜಿನ ಸೀಲು. ಮುಂದಿನವುಗಳಲ್ಲಿ ಬರೀ ಕುಂಕುಮದ ಬೊಟ್ಟು. ಆಯುಧಪೂಜೆಯ ದಿನ ಗಾಡಿಗೆ ಹಚ್ಚಿದ ಬೆರಳನ್ನು ಕಾರ್ಡಿಗೂ ಒತ್ತಿದ್ದೀರಿ. ಓಡುತ್ತಿದೆಯಲ್ಲ, ಇನ್ನೇನು ಬೇಕು ಎಂದುಕೊಂಡಿರಬೇಕು. ನಿಮ್ಮ ಮೊಮ್ಮಕ್ಕಳು ಆ ಬೊಟ್ಟನ್ನೇ ಸರ್ವಿಸ್ ಎಂದು ತಿಳಿದರು. ಅಂದಿನಿಂದ ನಾವು ಮೂರು ತಿಂಗಳಿಗೊಮ್ಮೆ ಗಾಡಿ ತೊಳೆದು, ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಕಾರ್ಡಿಗೊಂದು ಬೊಟ್ಟಿಡುತ್ತೇವೆ. ಎಂಜಿನ್ನಿಗೆ ಕಡಿಮೆಯಾದಷ್ಟು ಎಣ್ಣೆಯನ್ನು ಮೇಲಿಂದ ಸುರಿಯುತ್ತೇವೆ. ಹಳೆಯದನ್ನು ಇಳಿಸಿದವರಿಲ್ಲ. ಅದು ಗಾಡಿಯ ರಕ್ತ, ಹರಿಸಿದರೆ ಅಪಶಕುನ ಎಂದು ನನ್ನಜ್ಜ ಹೇಳುತ್ತಿದ್ದ. ಇಷ್ಟು ಕಾಲ ಓಡಿದ್ದು ಆ ಗಾಡಿಯ ದೊಡ್ಡತನ.

ಎಂಟು ತಿಂಗಳ ಹಿಂದೆ ನನ್ನ ಹೆಂಡತಿ ಮಂದಾಕಿನಿಯನ್ನು ಚೊಚ್ಚಲ ಹೆರಿಗೆಗೆ ತವರಿಗೆ ಬಿಡಲು ಉರಿಬಯಲು ದಾಟಿದೆ. ದಾರಿಯುದ್ದಕ್ಕೂ ಎಂಜಿನ್ನು ಕಟಕಟ ಎನ್ನುತ್ತಿತ್ತು. ತವರಿನ ಬಾಗಿಲಲ್ಲಿ ಇಳಿದವಳೇ, “ಇದರ ದನಿ ಯಾಕೋ ಬ್ಯಾರೆ ಆಗೇತ್ರಿ, ಒಮ್ಮೆ ಬಿಚ್ಚಿ ನೋಡ್ರಿ” ಎಂದಳು. ಊರು ಮುಟ್ಟಿದೊಡನೆ ಒಂದು ಬೊಟ್ಟು ಹೆಚ್ಚಿಗೆ ಇಡುತ್ತೇನೆಂದು ನಾನು ನಕ್ಕೆ. ಮರಳಿ ನಮ್ಮ ಕೋಟೆಬಾಗಿಲು ತಲುಪುವಷ್ಟರಲ್ಲಿ ಎಂಜಿನ್ನು ಸೀಜ್ ಆಗಿ ನಿಂತೇಬಿಟ್ಟಿತು. ಊರೆಲ್ಲ ಬೇಡವೆಂದರೂ ಬಿಚ್ಚಿದೆ. ಒಳಗೆ ಎಣ್ಣೆ ಟಾರಿನಂತೆ ಗಟ್ಟಿಯಾಗಿತ್ತು. ಪಿಸ್ಟನ್ನು ಸಿಲಿಂಡರನ್ನು ಕಚ್ಚಿಕೊಂಡಿತ್ತು. ಹೊಸದನ್ನು ಮಾಡಿಕೊಡಬಲ್ಲವರು ಈ ಗೋಡೆಯೊಳಗೆ ಯಾರೂ ಇಲ್ಲ. ದಿನಾ ಕೋಟೆಬಾಗಿಲವರೆಗೆ ಹೋಗುತ್ತೇನೆ, ಹೊರಗಿನ ಬಿಳಿ ಬಯಲು ನೋಡುತ್ತೇನೆ, ತಿರುಗಿ ಬರುತ್ತೇನೆ. ಸಿಟ್ಟು ಬರುತ್ತದೆ, ಅದು ನಿಮ್ಮ ಮೇಲೋ ನನ್ನ ಮೇಲೋ ತಿಳಿಯದು.

ನಮಗಿರುವುದು ಕನ್ನಡಿಮಾತು ಮಾತ್ರ. ಗುಡ್ಡದಿಂದ ಗುಡ್ಡಕ್ಕೆ ಬಿಸಿಲು ಹೊಳೆಸಿ ಕಳಿಸುವ ಸುದ್ದಿ. ಹೆಣ್ಣುಮಗು ಎಂದು ಮೊದಲು ಬಂತು. ಆಮೇಲೆ, ಮಗುಚಿಕೊಂಡಳು ಎಂದು. ಮೊನ್ನೆ, ಕೆಳಹಲ್ಲು ಬಂತು ಎಂದು.

ಮುತ್ಯಾ, ಈ ಭಾನುವಾರವೇ ಗಾಡಿಯನ್ನು ಗ್ಯಾರೇಜಿಗೆ ಒಯ್ಯಿರಿ. ಹಳೆಯ ಎಣ್ಣೆಯನ್ನು ಪೂರ್ತಿ ಇಳಿಸಿರಿ. ಏರ್ ಫಿಲ್ಟರ್ ಸ್ವಚ್ಛ ಮಾಡಿಸಿರಿ, ಚೈನು ಬಿಗಿ ಮಾಡಿಸಿರಿ, ದನಿ ಸ್ವಲ್ಪ ಬೇರೆಯೆನಿಸಿದರೂ ಬಿಚ್ಚಿ ನೋಡಿಸಿರಿ. ಮೂರು ತಿಂಗಳು ಬಿಟ್ಟು ಮತ್ತೆ ಹೋಗಿರಿ. ಪೂಜೆ ಬಿಡಿರೆಂದು ನಾನು ಹೇಳಲಾರೆ, ಅದು ನನ್ನ ವೃತ್ತಿ. ಆದರೆ ಕಾರ್ಡಿನ ಮೇಲೆ ಸೀಲೇ ಬೀಳಲಿ. ಆ ಕೆಲಸ ಏಕೆಂದು ನಿಮ್ಮ ಮಕ್ಕಳಿಗೆ ಬಾಯಿಬಿಟ್ಟು ಹೇಳಿರಿ. ನಮಗೆ ಅದನ್ನು ಯಾರೂ ಹೇಳಲಿಲ್ಲ.

ನನ್ನ ಮಗಳಿಗೆ ಈಗ ಆರು ತಿಂಗಳು. ತೊಟ್ಟಿಲಿಗೆ ಹಾಕಿ ಹೆಸರಿಡಲು ನಾನು ಬರಲೆಂದು ಕಾಯುತ್ತಿದ್ದಾರೆ. ಅಲ್ಲಿಯವರೆಗೆ ಕೂಸು ಎಂದೇ ಕರೆಯುತ್ತಾರಂತೆ.

ನಿಮ್ಮವ,
ಇಂದುಧರ